ಟ್ಯಾಂಕ್ ಪೂರ್ತಿ ಖಾಲಿ ಮಾಡ್ದೆ ಪೈಪ್ ಕಟ್ ಮಾಡಿ ಹೊಸ ನಲ್ಲಿ ಕೊಡೋಕೆ ಆಗುತ್ತಾ?

ವಿಜಯನಗರ ಹಿತ್ತಲು:
ನಮ್ದು ಬೆಂಗಳೂರಲ್ಲಿ ಗ್ರೌಂಡ್ ಪ್ಲಸ್ ಎರಡು ಫ್ಲೋರ್ ಮನೆ. ಟೆರೇಸ್ ಮೇಲೆ 2000 ಲೀಟರ್ ಟ್ಯಾಂಕು, ಕೆಳಗಡೆ ನಾವು, ಮೇಲಿನ ಎರಡೂ ಬಾಡಿಗೆಗೆ ಕೊಟ್ಟಿದೀವಿ. ಹಿತ್ತಲಲ್ಲಿ ವಾಷಿಂಗ್ ಮಷಿನ್ ಇಡೋಕೆ ಒಂದು ನಲ್ಲಿ ಬೇಕು. ಅಡುಗೆಮನೆಗೆ ಹೋಗೋ ಮುಕ್ಕಾಲಿಂಚು ಸಿಪಿವಿಸಿ (ಬಿಸಿನೀರೂ ತಡೆಯೋ ಪ್ಲಾಸ್ಟಿಕ್ ಪೈಪ್) ಲೈನು ಅದೇ ಗೋಡೆ ಮೇಲೇ ಹೋಗಿದೆ, ಅಲ್ಲಿ ಕಟ್ ಮಾಡಿ ಒಂದು ಟೀ (T ಆಕಾರದ ಜೋಡಣೆ) ಹಾಕಿದ್ರೆ ಕೆಲಸ ಮುಗೀತು. ತೊಂದ್ರೆ ಏನಂದ್ರೆ ಟ್ಯಾಂಕ್ ಪಕ್ಕ ಇರೋ ಗೇಟ್ ವಾಲ್ ಚೆನ್ನಾಗೇ ತಿರುಗುತ್ತೆ ಆದ್ರೆ ನೀರು ಪೂರ್ತಿ ನಿಲ್ಲಲ್ಲ. ಪ್ಲಂಬರ್ ಬಂದು ನೋಡಿ ಟ್ಯಾಂಕ್ ಖಾಲಿ ಮಾಡಿಡಿ ಬೆಳಗ್ಗೆ ಬರ್ತೀನಿ ಅಂದ್ರು. ಕಾವೇರಿ ನೀರು ನಮ್ಮ ರೋಡಿಗೆ ದಿನ ಬಿಟ್ಟು ದಿನ ಬರೋದು, ಬೋರು ಬತ್ತಿ ಎಷ್ಟೋ ಕಾಲ ಆಯ್ತು. ತುಂಬಿರೋ ಟ್ಯಾಂಕನ್ನ ಮೋರಿಗೆ ಬಿಡೋಕೆ ಮನಸ್ಸೇ ಬರ್ತಿಲ್ಲ, ಬಾಡಿಗೆಯವರಿಗೂ ಏನಂತ ಹೇಳೋದು. ಬೇರೆ ದಾರಿ ಇದೆಯಾ?

ಪಾನಾ ಪಕ್ಕಡ್:
ಖಾಲಿ ಮಾಡೋದು ಬೇಡ. ಟ್ಯಾಂಕ್ ಒಳಗಿಂದ ಔಟ್‌ಲೆಟ್‌ಗೆ ಬಟ್ಟೆ ತುರುಕಿ. ಕಾಂಟ್ರಾಕ್ಟ್ ಕೆಲಸದಲ್ಲಿ ನಾವು ದಿನಾ ಮಾಡೋದೇ ಇದು.

ಗಿರಿನಗರ ಗೇಟ್:
ಬಟ್ಟೆಗೆ ಹೋಗೋ ಮುಂಚೆ ಆ ವಾಲ್‌ನ ಸ್ವಲ್ಪ ನೋಡಿ ಸಾರ್. ಗೇಟ್ ವಾಲ್ ಒಳಗೆ ಒಂದು ಹಿತ್ತಾಳೆ ಬಿಲ್ಲೆ ಕೆಳಗಿಳಿದು ಕೂರುತ್ತೆ, ಅದು ಕೂರೋ ಜಾಗದಲ್ಲಿ ಟ್ಯಾಂಕಿನ ಮರಳು, ಬೋರ್ ನೀರಿನ ಸುಣ್ಣ ಎಲ್ಲ ಸೇರ್ಕೊಂಡಿರುತ್ತೆ. ಬಲವಂತವಾಗಿ ಟೈಟ್ ಮಾಡಿದ್ರೆ ಸ್ಪಿಂಡಲ್ (ಹಿಡಿ ಮತ್ತೆ ಬಿಲ್ಲೆ ಸೇರಿಸೋ ಕಡ್ಡಿ) ಕಿತ್ಕೊಳ್ಳುತ್ತೆ ಅಷ್ಟೆ, ಆಮೇಲೆ ಹಿಡಿ ಸುಮ್ನೆ ತಿರುಗ್ತಾನೇ ಇರುತ್ತೆ. ಕೆಳಗಡೆ ಒಂದು ದೊಡ್ಡ ನಲ್ಲಿ ಫುಲ್ ಬಿಟ್ಟು ವಾಲ್‌ನ ಮುಕ್ಕಾಲು ಭಾಗ ಮುಚ್ಚಿ, ಆಮೇಲೆ ಅರ್ಧ ಸುತ್ತು ತೆಗೆದು ಮತ್ತೆ ಮುಚ್ಚಿ, ಹಿಂಗೇ ನಾಲ್ಕೈದು ಸಲ ಮಾಡಿ. ಸಂದಿ ಸಣ್ಣದಾದಾಗ ನೀರು ರಭಸವಾಗಿ ಹೋಗುತ್ತಲ್ಲ, ಆ ರಭಸಕ್ಕೆ ಕಸ ತೊಳೆದುಕೊಂಡು ಹೋಗುತ್ತೆ. ಎಷ್ಟೋ ಸಲ ಇಷ್ಟಕ್ಕೇ ನೀರು ನಿಂತುಬಿಡುತ್ತೆ.

ವಿಜಯನಗರ ಹಿತ್ತಲು:
ಸರಿ ಮಾಡಿ ನೋಡ್ತೀನಿ. ಬಟ್ಟೆ ಹಾಕೋದು ಅಂದ್ರೆ ಟ್ಯಾಂಕ್ ಒಳಗೆ ಇಳೀಬೇಕಾ? ತುಂಬಿದ್ರೆ ಕೈ ಎಟಕಲ್ಲ.

ಪಾನಾ ಪಕ್ಕಡ್:
ಇಳಿಯೋದು ಬೇಡವೇ ಬೇಡ. ಒಂದು ಉದ್ದ ಬಿದಿರು ಕೋಲು ಇಲ್ಲ ಅರ್ಧ ಇಂಚು ಪೈಪ್ ತುಂಡು ತಗೊಳ್ಳಿ. ಹಳೇ ಬನಿಯನ್ ಬಟ್ಟೆ ಒದ್ದೆ ಮಾಡಿ ತುದಿಗೆ ಬಿಗಿಯಾಗಿ ಸುತ್ತಿ, ತುದಿ ಸಣ್ಣಕ್ಕೆ ಹಿಂದೆ ದಪ್ಪಕ್ಕೆ ಬರೋ ಹಂಗೆ ಇರಬೇಕು, ಮೇಲೆ ದಾರದಲ್ಲಿ ಗಟ್ಟಿ ಕಟ್ಟಿ. ದಾರದ ಇನ್ನೊಂದು ತುದಿ ಟ್ಯಾಂಕ್ ಬಾಯಿಂದ ಹೊರಗೆ ತಂದು ಕಟ್ಟಿಡಿ, ಇದು ಮುಖ್ಯ, ಇಲ್ಲಾಂದ್ರೆ ಬಟ್ಟೆ ಪೈಪ್ ಒಳಗೆ ಹೋಗಿ ಎಲ್ಬೋದಲ್ಲಿ (ಪೈಪ್ ತಿರುಗೋ ಕಡೆ ಹಾಕೋ ಬಾಗಿದ ಜೋಡಣೆ) ಸಿಕ್ಕಾಕೊಂಡ್ರೆ ಟೆರೇಸ್ ಪೈಪೆಲ್ಲ ಬಿಚ್ಚಬೇಕಾಗುತ್ತೆ. ಕೆಳಗಡೆ ನಲ್ಲಿ ಒಂದು ಬಿಟ್ಟಿರಿ, ಆಗ ನೀರೇ ಬಟ್ಟೆನ ಎಳ್ಕೊಂಡು ಕೂರಿಸುತ್ತೆ. ಟ್ಯಾಂಕ್ ಪಕ್ಕದ ಗೋಡೆಯಿಂದ ಅಡ್ಡಕ್ಕೆ ಔಟ್‌ಲೆಟ್ ಹೋಗಿದ್ರೆ ಕೋಲಿನ ತುದಿಗೆ ಒಂದು ಎಲ್ಬೋ ಹಾಕಿ ಅದರ ಬಾಯಿಗೆ ಬಟ್ಟೆ ಸುತ್ತಬೇಕು, ನೆಟ್ಟಗಿರೋ ಕೋಲಲ್ಲಿ ಆಗಲ್ಲ. ಎಲ್ಬೋ ಒಳಗೂ ಬಟ್ಟೆ ತುಂಬಿ, ಇಲ್ಲಾಂದ್ರೆ ಅದರೊಳಗಿಂದಾನೇ ನೀರು ಹೋಗುತ್ತೆ.

ಮೈಸೂರು ಮೇಸ್ತ್ರಿ:
ಬಟ್ಟೆಗಿಂತ ದಪ್ಪ ಪ್ಲಾಸ್ಟಿಕ್ ಕವರಲ್ಲಿ ಒದ್ದೆ ಮರಳು ಕಟ್ಟಿ ತೂತಿನ ಮುಂದೆ ಬಿಡೋದು ಸುಲಭ. ಹೋಗಿ ಅಂಟ್ಕೊಳುತ್ತೆ.

ಪಾನಾ ಪಕ್ಕಡ್:
ಕವರ್ ಹರಿದ್ರೆ ಮರಳೆಲ್ಲ ಲೈನಿಗೆ ಹೋಗುತ್ತೆ, ಶವರ್, ಗೀಸರ್ ಇನ್ಲೆಟ್, ಮಿಕ್ಸರ್ ಕಾರ್ಟ್ರಿಜ್ ಎಲ್ಲ ಹಾಳು. ಯಾರಿಗೂ ಹೇಳಿಕೊಡಬೇಡಿ ದಯವಿಟ್ಟು.

ಮೈಸೂರು ಮೇಸ್ತ್ರಿ:
ಎರಡು ಕವರ್ ಹಾಕಿದ್ರೆ ಹರಿಯಲ್ಲ. ನಮ್ಮ ಕಡೆ ಎಲ್ಲರೂ ಮಾಡೋದು ಇದನ್ನೇ, ಅಡ್ಡಕ್ಕಿರೋ ಔಟ್‌ಲೆಟ್‌ಗೆ ನಿಮ್ಮ ಕೋಲು ಎಲ್ಬೋ ಸರ್ಕಸ್ ಯಾರು ಮಾಡ್ತಾರೆ.

ಸಿವಿಲ್ ಸುರತ್ಕಲ್:
ಒಂದು ಲೆಕ್ಕ ಹೇಳ್ತೇನೆ ಮಾರಾಯ್ರೆ, ಆಗ ಹೆದರಿಕೆ ಹೋಗ್ತದೆ. ಟ್ಯಾಂಕಿನಲ್ಲಿ ಒಂದೂವರೆ ಮೀಟರ್ ನೀರು ಉಂಟು ಅಂತ ಇಟ್ಟುಕೊಳ್ಳಿ, ತಳದಲ್ಲಿ ಒತ್ತಡ ಚದರ ಸೆಂಟಿಮೀಟರಿಗೆ 150 ಗ್ರಾಂ ಅಷ್ಟೇ. ಒಂದೂಕಾಲು ಇಂಚಿನ ತೂತಿನ ವಿಸ್ತೀರ್ಣ ಸುಮಾರು 8 ಚದರ ಸೆಂಟಿಮೀಟರ್. ಅಂದ್ರೆ ಆ ಬಟ್ಟೆಯ ಮೇಲೆ ಬೀಳುವ ಭಾರ ಒಂದು ಕಿಲೋ ಚಿಲ್ಲರೆ. ಅದೂ ಬಟ್ಟೆಯನ್ನು ತೂತಿನ ಒಳಗೇ ಒತ್ತುವ ಭಾರ, ಹೊರಗೆ ನೂಕುವುದಲ್ಲ. ಹಾಗಾಗಿ ಮೇಲೆ ಮುಚ್ಚುವುದು ಬಹಳ ಸುಲಭ. ಅದೇ ನೀವು ಗ್ರೌಂಡ್ ಫ್ಲೋರಿನಲ್ಲಿ ಪೈಪ್ ಕೊಯ್ದು ಅಲ್ಲಿ ಬೆರಳಿಟ್ಟು ನಿಲ್ಲಿಸುತ್ತೇನೆ ಅಂದ್ರೆ 10 ಮೀಟರ್ ಎತ್ತರದ ಒತ್ತಡ, ಸುಮಾರು 1 ಬಾರ್, ಆ ನೀರು ನಿಮ್ಮ ಮುಖಕ್ಕೇ ಬರ್ತದೆ. ಎಲ್ಲಿ ತಡೆಯಬೇಕು ಅನ್ನುವುದು ಇದರಲ್ಲೇ ಗೊತ್ತಾಗ್ತದೆ.
ಮತ್ತೆ ಮುಕ್ಕಾಲಿಂಚು ಸಿಪಿವಿಸಿ ಪೈಪಿನೊಳಗೆ ಮೀಟರಿಗೆ ಸುಮಾರು ಕಾಲು ಲೀಟರ್ ನೀರು. ಮೇಲಿಂದ ತಡೆದರೆ ಇಡೀ ಇಳಿ ಪೈಪು ಖಾಲಿಯಾದರೂ ಒಂದು ಬಕೆಟ್ ತುಂಬುವುದಿಲ್ಲ.

ಧಾರವಾಡ ಪೇಢಾ:
ನಮ್ಮ ಕಡೆ ಟ್ಯಾಂಕ್ ಖಾಲಿ ಮಾಡ್ರಿ ಅಂತ ಯಾವ ಪ್ಲಂಬರ್‌ನೂ ಬಾಯಿಬಿಟ್ಟ ಹೇಳಂಗಿಲ್ರಿ. ಹುಬ್ಬಳ್ಳಿ ಧಾರವಾಡದಾಗ 2008ರಾಗ ಕೆಲವು ವಾರ್ಡಿಗೆ 24 ತಾಸು ನೀರು ಶುರು ಆತು ಖರೆ, ಆದ್ರ ಉಳಿದ ಕಡೆ ಮಲಪ್ರಭಾ ನೀರು ಯಾವಾಗ ಬರ್ತದ ಅಂತ ಕಾಯ್ಕೋತ ಕುಂತ ಮಂದಿ ನಾವು. ತುಂಬಿದ ಟ್ಯಾಂಕ್ ಅಂದ್ರ ನಮಗ ಬಂಗಾರ. ಮನಿ ಕಟ್ಟಿಸುವಾಗನ ಒಂದೊಂದು ಬಾತ್‌ರೂಮಿಗೆ ಒಂದೊಂದು ವಾಲ್ ಇಡಸ್ತೀವಿ.

ಲೀಡ್ಸ್ ಕನ್ನಡಿಗ:
ಇಲ್ಲಿ ಇಂಗ್ಲೆಂಡಲ್ಲಿ ಇದೇ ಕಥೆ ಬೇರೆ ರೂಪದಲ್ಲಿದೆ. ಹಳೇ ಮನೆಗಳಲ್ಲಿ ಅಟ್ಟದ ಮೇಲೆ ಒಂದು ಸಣ್ಣ ಟ್ಯಾಂಕ್, ಅದರಿಂದ ಬಾಯ್ಲರ್ರಿಗೂ ರೇಡಿಯೇಟರ್ರಿಗೂ ನೀರು. ಒಂದು ರೇಡಿಯೇಟರ್ ಜಾಗ ಬದಲಾಯಿಸೋಕೆ ಇಡೀ ಸಿಸ್ಟಮ್ ಖಾಲಿ ಮಾಡಿದ್ರೆ ಅದರಲ್ಲಿರೋ ತುಕ್ಕು ತಡೆಯೋ ಕೆಮಿಕಲ್ಲೂ ಹೋಗುತ್ತೆ, ಮತ್ತೆ ತುಂಬಿದಾಗ ಒಳಗೆ ಸಿಕ್ಕಾಕೊಂಡ ಗಾಳಿ ತೆಗೆಯೋದು ದೊಡ್ಡ ಕೆಲಸ. ಅದಕ್ಕೆ ರಬ್ಬರ್ ಬಿರಡೆ ಎರಡು ಸಿಗುತ್ತೆ, ಒಂದು ಟ್ಯಾಂಕಿನ ಔಟ್‌ಲೆಟ್‌ಗೆ, ಇನ್ನೊಂದು ಮೇಲೆ ತೆರೆದಿರೋ ಗಾಳಿ ಪೈಪಿನ ಬಾಯಿಗೆ. ಎರಡೂ ಮುಚ್ಚಿದ್ರೆ ಒಳಗೆ ಗಾಳಿ ಹೋಗೋಕೆ ದಾರಿ ಇಲ್ಲ, ಸ್ಟ್ರಾ ಮೇಲೆ ಬೆರಳಿಟ್ಟ ಹಾಗೆ ನೀರು ಅಲ್ಲೇ ನಿಲ್ಲುತ್ತೆ. ಬೇಗ ಬೇಗ ಕಟ್ ಮಾಡಿ ಫಿಟಿಂಗ್ ಹಾಕಿಬಿಡ್ತಾರೆ.
ಇನ್ನೊಂದು ವಿಧಾನ ಪೈಪಿನ ನೀರನ್ನೇ ಹೆಪ್ಪುಗಟ್ಟಿಸೋದು. ತಾಮ್ರದ ಪೈಪಿಗೆ ಒಂದು ಜಾಕೆಟ್ ಸುತ್ತಿ ಸ್ಪ್ರೇ ಹೊಡೀತಾರೆ ಇಲ್ಲ ಕರೆಂಟಿನ ಮಷಿನ್ ಬಾಡಿಗೆಗೆ ತರ್ತಾರೆ, ಒಳಗೆ ಐಸಿನ ಬಿರಡೆ ಆಗುತ್ತೆ, ಅದರಾಚೆ ಕಟ್ ಮಾಡಬಹುದು. ಒಳಗೆ ನೀರು ಹರೀತಾ ಇರಬಾರದು, ಅದೇ ಷರತ್ತು.

ಗಿರಿನಗರ ಗೇಟ್:
ಐಸ್ ಮಾಡೋದು ನಮ್ಮಲ್ಲಿ ಆಗಲ್ಲ. ಸಿಪಿವಿಸಿ ತಣ್ಣಗಾದ್ರೆ ಗಾಜಿನ ಥರ ಪೆಡಸಾಗುತ್ತೆ, ಅಂಥ ಪೈಪನ್ನ ಕಟ್ ಮಾಡೋಕೆ ಹೋದ್ರೆ ಬಿರುಕು ಉದ್ದಕ್ಕೂ ಓಡುತ್ತೆ. ಅಷ್ಟಕ್ಕೂ ನಿಮ್ಮ ಗೇಟ್ ವಾಲ್ ಸೋರ್ತಿದ್ರೆ ಪೈಪಲ್ಲಿ ನೀರು ಹರೀತಾನೇ ಇರುತ್ತೆ, ಹೆಪ್ಪು ಎಲ್ಲಿ ಕಟ್ಟುತ್ತೆ?

ಸಿವಿಲ್ ಸುರತ್ಕಲ್:
ಆ ಬೆರಳಿನ ವಿಧಾನವೂ ಸಣ್ಣ ಪೈಪಿಗೆ ಮಾತ್ರ. ಒಂದಿಂಚು, ಒಂದೂಕಾಲು ಇಂಚಿನ ಪೈಪು ಕೊಯ್ದರೆ ಕೆಳಗಿನ ಬಾಯಿಯಿಂದಲೇ ಗಾಳಿ ಗುಳುಗುಳು ಅಂತ ಮೇಲೆ ಏರ್ತದೆ, ನೀರು ತಪ್ಪದೆ ಇಳೀತದೆ. ಮೇಲಿನ ಮನೆಯಲ್ಲಿ ಯಾರಾದ್ರೂ ಒಂದು ನಲ್ಲಿ ತಿರುಗಿಸಿದ್ರೂ ಮುಗೀತು. ನಮ್ಮ ಮನೆಗಳಿಗೆ ಅದರ ಉಲ್ಟಾ ಮಾಡಬೇಕು, ಔಟ್‌ಲೆಟ್ ಮುಚ್ಚಿ, ಗಾಳಿ ಪೈಪು ತೆರೆದೇ ಇಟ್ಟು, ಲೈನಿನಲ್ಲಿರುವ ನಾಲ್ಕು ಲೀಟರ್ ಬಕೆಟಿಗೆ ಇಳಿಸಿಬಿಡಿ. ಆ ನೀರು ಹಿಡಿದಿಟ್ಟು ಯಾರಿಗೂ ಲಾಭ ಇಲ್ಲ.

ಶಿರಸಿ ತೋಟ:
ನಮ್ಮಲ್ಲಿ ಮೂಲವನ್ನೇ ಬಂದ್ ಮಾಡೋಕೆ ಆಗೋದಿಲ್ಲ. ಗುಡ್ಡದ ಮೇಲಿನ ಅಬ್ಬಿ ನೀರು, ಹಿಂದೆ ಅಡಿಕೆ ದಬ್ಬೆಯಲ್ಲಿ ಮನೆಗೆ ಬರ್ತಿತ್ತು, ಈಗ ಕಪ್ಪು ಎಚ್‌ಡಿಪಿಇ ಪೈಪು. ಹಗಲು ರಾತ್ರಿ ಹರೀತಾನೇ ಇರ್ತದೆ. ನಡುವೆ ಜೋಡಣೆ ಬೇಕಾದ್ರೆ ಪೈಪನ್ನ ಬಗ್ಗಿಸಿ ಮಡಚಿ ಹಗ್ಗದಲ್ಲಿ ಕಟ್ಟಿ ಕೆಲಸ ಮಾಡ್ತೇವೆ, ಆಮೇಲೆ ಬಿಚ್ಚಿದ್ರಾಯ್ತು. ಮಡಚಿದ ಜಾಗ ಮುಂದೆ ಬಿರುಕು ಬಿಡೋದುಂಟು, ಅದಕ್ಕೆ ಅಲ್ಲೇ ಕತ್ತರಿಸಿ ಜಾಯಿಂಟರ್ ಹಾಕಿಬಿಡೋದು ಒಳ್ಳೇದು. ತೋಟದ ಡ್ರಿಪ್ ಲೈನಿಗಾದ್ರೆ ಪೈಪ್ ಕತ್ತರಿಸೋದೂ ಬೇಡ, ಸ್ಯಾಡಲ್ (ಪೈಪಿನ ಸುತ್ತ ಹಿಡಿಯೋ ಕ್ಲಾಂಪ್) ಕೂರಿಸಿ ಬೋಲ್ಟ್ ಬಿಗಿದು ತೂತು ಕೊರೆದ್ರೆ ಮುಗೀತು. ಮನೆ ಪೈಪಿಗೂ ಸ್ಯಾಡಲ್ ಹಾಕಬಹುದಲ್ಲ?

ಪಾನಾ ಪಕ್ಕಡ್:
ದಪ್ಪ ಪೈಪಿಗೆ ಸರಿ. ಮುಕ್ಕಾಲಿಂಚು ಸಿಪಿವಿಸಿಗೆ ಬೇಡ. ಆರ್‌ಓ ಫಿಲ್ಟರ್‌ಗೆ ಅಂತ ಚುಚ್ಚಿ ಕೂರಿಸೋ ಸ್ಯಾಡಲ್ ವಾಲ್ ಬರುತ್ತಲ್ಲ ಅದೂ ಬೇಡ, ಅದರ ರಬ್ಬರ್ ಒಣಗಿದ ಮೇಲೆ ಹನಿ ಹನಿ ಸೋರಿ ಅಡುಗೆಮನೆ ಕಬೋರ್ಡ್ ಪ್ಲೈವುಡ್ ಎಲ್ಲ ಉಬ್ಬಿರೋದನ್ನ ಎಷ್ಟೋ ಮನೇಲಿ ನೋಡಿದೀನಿ. ಅದರಲ್ಲಿ ಬರೋ ನೀರೂ ಸಣ್ಣ ದಾರದಷ್ಟು, ವಾಷಿಂಗ್ ಮಷಿನ್‌ಗೆ ಸಾಲಲ್ಲ.

ವಿಜಯನಗರ ಹಿತ್ತಲು:
ಗೇಟ್ ವಾಲ್ ಆಡಿಸಿ ನೋಡಿದೆ. ಮೊದಲು ಬೆರಳು ದಪ್ಪ ಬರ್ತಿದ್ದಿದ್ದು ಈಗ ಪೆನ್ಸಿಲ್ ಗಿಂತ ಸಣ್ಣ ಬರ್ತಿದೆ, ಪೂರ್ತಿ ನಿಂತಿಲ್ಲ. ಇಷ್ಟು ನೀರಿದ್ರೆ ಗಮ್ ಹಿಡಿಯುತ್ತಾ?

ಹೆಬ್ಬಾಳ ಹಾರ್ಡ್‌ವೇರ್:
ಹಿಡಿಯಲ್ಲ. ಸಾಲ್ವೆಂಟ್ ಸಿಮೆಂಟ್ ಅಂಟಲ್ಲ, ಅದು ಪೈಪಿನ ಮೇಲ್ಮೈನ ಕರಗಿಸಿ ಫಿಟಿಂಗ್ ಜೊತೆ ಒಂದಾಗಿಸುತ್ತೆ. ನೀರಿನ ಪೊರೆ ಇದ್ರೆ ಕರಗೋದೇ ಇಲ್ಲ. ಮೊದಲ ದಿನ ಸೋರಲ್ಲ, ಯಾವಾಗಲೋ ರಾತ್ರಿ ಟ್ಯಾಂಕ್ ತುಂಬಿದಾಗ ಬಿಟ್ಕೊಳುತ್ತೆ. ಅಂಗಡಿಗೆ ಬರೋರು ಸಿಪಿವಿಸಿಗೆ ಯುಪಿವಿಸಿ (ತಣ್ಣೀರಿಗೆ ಮಾತ್ರ ಆಗೋ ಪ್ಲಾಸ್ಟಿಕ್ ಪೈಪ್) ಗಮ್ ತಗೊಂಡು ಹೋಗ್ತಾರೆ, ಅದೂ ತಪ್ಪು. ಡಬ್ಬದ ಮೇಲೆ ಸಿಪಿವಿಸಿ ಅಂತ ಬರೆದಿರಬೇಕು. ಫಿಟಿಂಗೂ ನೋಡಿ ತಗೊಳ್ಳಿ, ಮುಕ್ಕಾಲಿಂಚು ಸಿಪಿವಿಸಿ ಹೊರ ಅಳತೆ 22 ಮಿಲಿಮೀಟರ್ ಚಿಲ್ಲರೆ, ಮುಕ್ಕಾಲಿಂಚು ಯುಪಿವಿಸಿದು 26 ಮೇಲೆ, ಎರಡೂ ಮುಕ್ಕಾಲೇ ಆದ್ರೂ ಒಂದಕ್ಕೊಂದು ಕೂರಲ್ಲ.

ರಾಜಾಜಿನಗರ ಅಕ್ಕ:
ಪೈಪ್ ಒಳಗೆ ಬ್ರೆಡ್ ಉಂಡೆ ಮಾಡಿ ತುರುಕಿದ್ರೆ ಸ್ವಲ್ಪ ಹೊತ್ತು ನೀರು ನಿಲ್ಲುತ್ತೆ, ಆಮೇಲೆ ಅದೇ ಕರಗಿ ಹೋಗುತ್ತೆ ಅಂತಾರೆ ನಿಜಾನಾ?

ಲೀಡ್ಸ್ ಕನ್ನಡಿಗ:
ನಿಜ, ಇಲ್ಲಿ ತಾಮ್ರದ ಪೈಪ್ ಬೆಸುಗೆ ಹಾಕೋರು ಹಳೇ ಕಾಲದಿಂದ ಮಾಡ್ತಾರೆ. ಹನಿ ಬರ್ತಿದ್ರೆ ಮಾತ್ರ, ಧಾರೆ ಇದ್ರೆ ಬ್ರೆಡ್ ನಿಲ್ಲಲ್ಲ. ಅಂಚು ತೆಗೆದು ಬಿಳಿ ಭಾಗ ಮಾತ್ರ ಹಾಕಬೇಕು.

ಹೆಬ್ಬಾಳ ಹಾರ್ಡ್‌ವೇರ್:
ಕರಗಿ ಹೋಗೋದು ನಲ್ಲಿ ಜಾಲರಿಗೆ ಮತ್ತೆ ಮಷಿನ್ ಇನ್ಲೆಟ್ ಫಿಲ್ಟರ್‌ಗೆ. ಏರೇಟರ್ ಬಿಚ್ಚಿಟ್ಟು ಅತ್ತ ಕಡೆ ನೀರು ಬಿಟ್ಟು ತೊಳೀಬೇಕು. ನೀವು ಅಷ್ಟು ಮಾಡೋದಾದ್ರೆ ಸರಿ, ನನ್ ಪ್ರಕಾರ ಮೇಲೆ ಬಟ್ಟೆ ಹಾಕೋದು ಒಳ್ಳೇದು.

ಪಾನಾ ಪಕ್ಕಡ್:
ವಿಜಯನಗರ ಸಾರ್, ಇದನ್ನ ಗಮನ ಇಟ್ಟು ಓದಿ. ಮೇಲೆ ಬಟ್ಟೆ ಹಾಕಿದ ಮೇಲೂ ಸ್ವಲ್ಪ ಜಿನುಗುತ್ತೆ. ಟೀ ಜಾಗಕ್ಕಿಂತ ಕೆಳಗೆ ಅದೇ ಲೈನಲ್ಲಿ ಯಾವುದಾದ್ರೂ ನಲ್ಲಿ ಇದ್ರೆ ಬಿಟ್ಟಿಡಿ. ಪೈಪ್ ಕಟ್ ಮಾಡಿದ ಮೇಲೆ ಮೊದಲು ಟೀ ಹಾಕಬೇಡಿ. ಟ್ಯಾಂಕ್ ಕಡೆಯಿಂದ ಬರೋ ತುದಿಗೆ ಮೊದಲು ಒಂದು ಬಾಲ್ ವಾಲ್ (ಹಿಡಿ ಕಾಲು ಸುತ್ತು ತಿರುಗಿಸಿದ್ರೆ ಮುಚ್ಚೋ ವಾಲ್) ಹಾಕಿ, ಅದೂ ತೆರೆದ ಸ್ಥಿತಿಯಲ್ಲಿ. ತುದಿನ ಒಣ ಬಟ್ಟೇಲಿ ಒರೆಸಿ, ಮರಳು ಪೇಪರ್ ಸಣ್ಣಗೆ ಆಡಿಸಿ, ಪೈಪ್ ಒಳಗೆ ಒಂದು ಬ್ರೆಡ್ ಉಂಡೆನೋ ಬಟ್ಟೆ ಚೂರೋ ಹಾಕಿ ಹನಿ ನಿಲ್ಲಿಸಿ, ಗಮ್ ಹಚ್ಚಿ ಕಾಲು ಸುತ್ತು ತಿರುಗಿಸಿ ಒತ್ತಿ ಹಿಡೀರಿ. ಬಟ್ಟೆ ಆದ್ರೆ ವಾಲ್ ಒಳಗಿಂದ ಎಳೆದು ತೆಗೆದುಬಿಡಿ, ಮರೀಬೇಡಿ. ವಾಲ್ ತೆರೆದಿರೋದ್ರಿಂದ ಆಮೇಲೆ ಬರೋ ಹನಿ ಅದರೊಳಗಿಂದ ಹೊರಗೆ ಹೋಗುತ್ತೆ, ಜಾಯಿಂಟ್ ಮೇಲೆ ಒತ್ತಡ ಬೀಳಲ್ಲ. ಮುಚ್ಚಿದ ವಾಲ್ ಹಾಕಿದ್ರೆ ನೀರು ಹಿಂದೆ ನಿಂತು ಹಸಿ ಗಮ್ಮನ್ನ ತಳ್ಳುತ್ತೆ. ಡಬ್ಬದ ಮೇಲೆ ಬರೆದಿರೋಷ್ಟು ಹೊತ್ತು ಒಣಗಲಿ, ಆಮೇಲೆ ವಾಲ್ ಮುಚ್ಚಿ. ಅಲ್ಲಿಂದಾಚೆ ಟೀ, ಎಲ್ಬೋ, ನಲ್ಲಿ ಎಲ್ಲ ಒಣ ಪೈಪಲ್ಲಿ ಆರಾಮಾಗಿ ಮಾಡ್ಕೊಳ್ಳಿ, ಮೇಲಿನ ಬಾಡಿಗೆಯವರಿಗೂ ನೀರು ಬಿಟ್ಟುಬಿಡಬಹುದು.

ಗಿರಿನಗರ ಗೇಟ್:
ಇದು ಸರಿಯಾದ ಮಾತು. ಪೈಪ್ ಯಾವಾಗ ತೆರೆದ್ರೂ ಅಲ್ಲೊಂದು ವಾಲ್ ಹಾಕಿ ಮುಚ್ಚಬೇಕು. ಪ್ಲಂಬರ್‌ಗಳು ಮುನ್ನೂರು ನಾನ್ನೂರು ಉಳಿಸೋಕೆ ಹೋಗಿ ವಾಲ್ ಬೇಡ ಅಂತಾರೆ, ಮನೆಯವರೂ ಹೂಂ ಅಂತಾರೆ. ಆಮೇಲೆ ಒಂದು ವಾಷರ್ ಹಾಕೋಕೂ ಇಡೀ ಮನೆ ನೀರು ಬಂದ್.

ಮಲ್ಲೇಶ್ವರ ಹಳೇ ಮನೆ:
ಸಿಪಿವಿಸಿ ಇರೋರು ಪುಣ್ಯವಂತರು. ನಮ್ದು ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು, ಸೆಣಬು ಸಫೇದಾ ಹಾಕಿ ಕೂರಿಸಿದ ಕಾಲದ್ದು. ಮಧ್ಯದಲ್ಲಿ ಯೂನಿಯನ್ (ಪೈಪ್ ತಿರುಗಿಸದೆ ಬಿಚ್ಚಬಹುದಾದ ಜೋಡಣೆ) ಇಲ್ಲದಿದ್ರೆ ಕೊನೆಯಿಂದ ಒಂದೊಂದೇ ಬಿಚ್ಕೊಂಡು ಬರಬೇಕು, ಪಾನಾ ಹಾಕಿ ತಿರುಗಿಸಿದ್ರೆ ಗೋಡೆ ಒಳಗೆ ಇನ್ನೆಲ್ಲೋ ಥ್ರೆಡ್ ಬಿಟ್ಕೊಳುತ್ತೆ. ಇದಕ್ಕೇನಾದ್ರೂ ಉಪಾಯ ಇದೆಯಾ?

ಮೈಸೂರು ಮೇಸ್ತ್ರಿ:
ಮಧ್ಯ ಕಟ್ ಮಾಡಿ ಕಂಪ್ರೆಷನ್ ಕಪ್ಲರ್ ಹಾಕಿ, ರಬ್ಬರ್ ರಿಂಗ್ ಬಿಗಿಯೋದು, ಥ್ರೆಡ್ ಬೇಡ ಗಮ್ ಬೇಡ, ಹನಿ ಬರ್ತಿದ್ರೂ ನಡೆಯುತ್ತೆ. ಆದ್ರೆ ಪೈಪ್ ಹೊರಗಡೆ ತುಕ್ಕು ತಿಂದಿದ್ರೆ ರಿಂಗ್ ಹಿಡಿಯಲ್ಲ. ಅಷ್ಟು ಹಳೇದಾದ್ರೆ ಅದನ್ನ ಗೋಡೇಲೇ ಬಿಟ್ಟು ಹೊರಗಿಂದ ಹೊಸ ಲೈನ್ ಎಳೆಯೋದೇ ವಾಸಿ ಅಕ್ಕಾವ್ರೇ.

ಪಾನಾ ಪಕ್ಕಡ್:
ಈ ಮಾತಿಗೆ ನಂದೂ ಸಹಿ.

ಯಲಹಂಕ ಯುವಕ:
ರೋಡಿಂದ ಬರೋ ಕಾವೇರಿ ಲೈನಲ್ಲೂ ಹಿಂಗೇ ನೀರಿಲ್ಲದ ದಿನ ನೋಡಿ ಕಟ್ ಮಾಡಿ ಟೀ ಹಾಕ್ಕೊಬಹುದಾ, ಹೆಂಗೂ ದಿನ ಬಿಟ್ಟು ದಿನ ಪೈಪ್ ಖಾಲಿ ಇರುತ್ತಲ್ಲ

ಗಿರಿನಗರ ಗೇಟ್:
ಮೀಟರ್ ಆದ ಮೇಲೆ ನಿಮ್ಮಿಷ್ಟ. ಮೀಟರ್‌ಗಿಂತ ಮುಂಚೆ ಮುಟ್ಟಲೇಬೇಡಿ, ಅದು ಜಲಮಂಡಳಿ ಪೈಪು, ಅವರೇ ಮಾಡಬೇಕು. ಆ ಲೈನಿಗೆ ನೇರ ಮೋಟರ್ ಹಾಕಿ ಎಳೆಯೋದೂ ನಿಷಿದ್ಧ. ಖಾಲಿ ಪೈಪಲ್ಲಿ ಜಾಯಿಂಟ್ ಸಡಿಲ ಇದ್ರೆ ಅಕ್ಕಪಕ್ಕದ ಮೋರಿ ನೀರು ಒಳಗೆ ಹೀರ್ಕೊಳುತ್ತೆ, ಅದನ್ನ ಕುಡಿಯೋದು ಬೀದಿಯವರೆಲ್ಲ.

ರಾಜಾಜಿನಗರ ಅಕ್ಕ:
2024ರ ಮಾರ್ಚ್ ನೆನೆಸಿಕೊಂಡ್ರೆ ಈಗಲೂ ಎದೆ ಝಲ್ ಅನ್ನುತ್ತೆ. ಕಾರು ತೊಳೆಯೋಕೆ ಕುಡಿಯೋ ನೀರು ಬಳಸಿದ್ರೆ 5000 ದಂಡ ಅಂದ್ರು, 12000 ಲೀಟರ್ ಟ್ಯಾಂಕರ್‌ಗೆ 5 ಕಿಲೋಮೀಟರ್ ಒಳಗೆ 1000 ರೂಪಾಯಿ ಅಂತ ರೇಟ್ ಕಟ್ಟಿದ್ರು, ಆದ್ರೂ ಫೋನ್ ಮಾಡಿದ್ರೆ ಟ್ಯಾಂಕರ್ ಸಿಗ್ತಿರ್ಲಿಲ್ಲ. ಪ್ಲಂಬರ್‌ಗಳಿಗೆ ಟ್ಯಾಂಕ್ ಖಾಲಿ ಮಾಡಿ ಅನ್ನೋದು ಒಂದು ಮಾತು ಅಷ್ಟೆ.

ಯಲಹಂಕ ಯುವಕ:
ಈಗ ಕಾವೇರಿ ಐದನೇ ಹಂತ ಬಂದಿದೆಯಲ್ಲ ಅಕ್ಕ, 110 ಹಳ್ಳಿಗೆ 775 ಎಂಎಲ್‌ಡಿ, ಅಂದ್ರೆ ದಿನಕ್ಕೆ 77.5 ಕೋಟಿ ಲೀಟರ್

ರಾಜಾಜಿನಗರ ಅಕ್ಕ:
ಬಂತು, 2024ರ ಅಕ್ಟೋಬರಲ್ಲಿ. ಒಳ್ಳೇದೇ. ಆದ್ರೆ ಆ ನೀರು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಕಡೆ ಪಂಪ್ ಮಾಡ್ಕೊಂಡು ಸುಮಾರು 100 ಕಿಲೋಮೀಟರ್ ದೂರದಿಂದ ನಮ್ಮ ಟೆರೇಸಿಗೆ ಬರೋದಪ್ಪ. ಒಂದು ಟೀ ಹಾಕೋಕೆ ಅಂತ 2000 ಲೀಟರ್ ಮೋರಿಗೆ ಬಿಡೋಕೆ ನನಗೆ ಆಗಲ್ಲ.

ಅಪಾರ್ಟ್‌ಮೆಂಟ್ ಸೆಕ್ರೆಟರಿ:
ಫ್ಲಾಟಲ್ಲಿರೋರಿಗೆ ಒಂದು ಮಾತು. ಶಾಫ್ಟಲ್ಲಿ ಇಳಿಯೋ ಪೈಪು ಎಲ್ಲರದ್ದು, ಯಾರಿಗೂ ಹೇಳದೆ ಕಟ್ ಮಾಡಿಸಬೇಡಿ. ನಮ್ಮಲ್ಲಿ ಯಾರಿಗೇ ಕೆಲಸ ಇದ್ರೂ ಆ ಸಾಲಿನವರಿಗೆಲ್ಲ ಹಿಂದಿನ ದಿನವೇ ಮೆಸೇಜ್ ಹಾಕ್ತೀವಿ, ಗೀಸರ್ ಸ್ವಿಚ್ ಆಫ್ ಇಡೋಕೆ ಹೇಳ್ತೀವಿ. ಲೈನಲ್ಲಿ ನೀರಿಲ್ಲದಾಗ ಗೀಸರ್ ಆನ್ ಇದ್ದು ಒಳಗಿನ ನೀರು ಹಿಂದಕ್ಕೆ ಎಳ್ಕೊಂಡು ಹೋಗಿದ್ರೆ ಕಾಯಿಲ್ ಸುಟ್ಟುಹೋಗುತ್ತೆ.

ವಿಜಯನಗರ ಹಿತ್ತಲು:
ಪ್ಲಂಬರ್‌ಗೆ ಇದನ್ನೆಲ್ಲ ತೋರಿಸಿದೆ. ಮೊದಲು ಒಪ್ಪಲಿಲ್ಲ, ಬಟ್ಟೆ ಪೈಪಿಗೆ ಹೋದ್ರೆ ನಾನು ಜವಾಬ್ದಾರಿ ಅಲ್ಲ ಅಂದ್ರು. ದಾರ ಕಟ್ಟಿ ತೋರಿಸಿದ ಮೇಲೆ ಸರಿ ಅಂದ್ರು. ಹಳೇ ಗೇಟ್ ವಾಲ್ ಜಾಗಕ್ಕೇ ಹೊಸ ಬಾಲ್ ವಾಲ್ ಹಾಕ್ಬಿಡೋಣ, ಹೆಂಗೂ ಬಟ್ಟೆ ಹಾಕ್ತೀವಲ್ಲ ಅಂತ ಅವರೇ ಹೇಳ್ತಿದಾರೆ. ಮೇಲೊಂದು, ಕೆಳಗೆ ಟೀ ಹತ್ರ ಇನ್ನೊಂದು. ವಾಲ್ ಹಿತ್ತಾಳೇದಾ ಸಿಪಿವಿಸಿದಾ?

ಹೆಬ್ಬಾಳ ಹಾರ್ಡ್‌ವೇರ್:
ಮೇಲೆ ಬಿಸಿಲಿಗಿರೋದು ಹಿತ್ತಾಳೆ, ಎರಡೂ ಕಡೆ ಯೂನಿಯನ್ ಜೊತೆ. ಮುಂದೆ ಬದಲಾಯಿಸಬೇಕಾದ್ರೆ ಪೈಪ್ ಕಟ್ ಮಾಡೋದು ಬರಲ್ಲ. ಕೆಳಗಿಂದು ಸಿಪಿವಿಸಿ ಸಾಕು. ಎರಡನ್ನೂ ಆಗಾಗ ಒಂದ್ಸಲ ತಿರುಗಿಸ್ತಿರಿ, ಹಂಗೇ ಬಿಟ್ರೆ ಬಾಲ್ ವಾಲೂ ಹಿಡ್ಕೊಳುತ್ತೆ.

ಪಾನಾ ಪಕ್ಕಡ್:
ಮುಗಿದ ಮೇಲೆ ಬಟ್ಟೆ ತೆಗೆಯುವಾಗ ಹೊಸ ವಾಲ್ ಮುಚ್ಚಿರಲಿ. ಆಮೇಲೆ ವಾಲ್ ನಿಧಾನ ಬಿಡಿ, ಎಲ್ಲಕ್ಕಿಂತ ಕೆಳಗಿನ ನಲ್ಲಿ ತೆರೆದಿರಲಿ. ಗಾಳಿ ಪೈಪಿನ ಬಾಯಿ ಕಸ ಕಟ್ಟಿಲ್ಲ ಅಂತ ನೋಡಿ, ಇಲ್ಲಾಂದ್ರೆ ಏರ್‌ಲಾಕ್ ಆಗಿ ಮೇಲಿನ ಮನೆಗೆ ನೀರು ಬರಲ್ಲ ಅಂತ ಫೋನ್ ಶುರುವಾಗುತ್ತೆ.

ಕೆಂಗೇರಿ ಸೋಲಾರ್:
ನಮ್ದು ಸೋಲಾರ್ ಬಿಸಿನೀರಿನ ಪೈಪ್ ಸೋರ್ತಿದೆ. ಅದಕ್ಕೂ ಮೇಲಿರೋ ಗಾಳಿ ಪೈಪ್ ಮುಚ್ಚಿದ್ರೆ ನೀರು ನಿಲ್ಲುತ್ತಲ್ವಾ, ಲೀಡ್ಸ್ ಸಾರ್ ಹೇಳ್ದಂಗೆ?

ಸಿವಿಲ್ ಸುರತ್ಕಲ್:
ಬೇಡ ಬೇಡ, ಅದನ್ನು ಮಾತ್ರ ಮುಟ್ಟಬೇಡಿ. ಸೋಲಾರ್ ಟ್ಯಾಂಕಿನ ಒಳಗಿನ ತಗಡು ಬಹಳ ತೆಳು, ಗಾಳಿ ಪೈಪು ಮುಚ್ಚಿ ಕೆಳಗೆ ನೀರು ತೆಗೆದರೆ ಒಳಗೆ ನಿರ್ವಾತ ಆಗಿ ಟ್ಯಾಂಕು ಒಳಕ್ಕೆ ಕುಸೀತದೆ. ಬಿಸಿಲಲ್ಲಿ ಮುಚ್ಚಿಟ್ಟರೆ ಹಬೆ ಹೋಗಲಿಕ್ಕೆ ದಾರಿ ಇಲ್ಲ, ಅದು ಇನ್ನೂ ಅಪಾಯ. ಸೋಲಾರಿಗೆ ಹೋಗುವ ತಣ್ಣೀರಿನ ವಾಲ್ ಬಂದ್ ಮಾಡಿ, ಬಿಸಿನೀರು ಹೊರಡುವುದು ಟ್ಯಾಂಕಿನ ಮೇಲ್ಭಾಗದಿಂದ, ಹಾಗಾಗಿ ತಣ್ಣೀರು ತಳ್ಳದಿದ್ದರೆ ಬಿಸಿನೀರು ಸ್ವಲ್ಪ ಇಳಿದು ತಾನೇ ನಿಲ್ತದೆ.

ಕೆಂಗೇರಿ ಸೋಲಾರ್:
ತಣ್ಣೀರಿನ ವಾಲ್ ಇದೆ, ಅದು ನಿಲ್ಲುತ್ತೆ. ನಾಳೆ ಬೆಳಗ್ಗೆ ಬಿಸಿಲು ಏರೋ ಮುಂಚೆ ಮಾಡಿಸ್ತೀನಿ.

ಪಾನಾ ಪಕ್ಕಡ್:
ಬೆಳಗ್ಗೆ ಆದ್ರೂ ಒಳಗೆ ಹಿಂದಿನ ದಿನದ ಬಿಸಿನೀರೇ ಇರೋದು, ಪೈಪ್ ಕಟ್ ಮಾಡುವಾಗ ಕೈ ಹುಷಾರು. ಮತ್ತೆ ಬಿಸಿನೀರಿನ ಲೈನಿಗೆ ಸಿಪಿವಿಸಿನೇ ಹಾಕಿಸಿ, ಯುಪಿವಿಸಿ ತಂದ್ರೆ ವಾಪಸ್ ಕಳಿಸಿ.